ಬಸ್ಸು ಹತ್ತಿದ ತೆಂಗಿನಕಾಯಿ

ನೀರಿನ ಮೇಲೆ ತೇಲುವುದು ಏನಾದರೂ ಕಂಡರೆ ನನ್ನ ಮೈದುನನಿಗೆ ಹೆಂಡತಿ ಮಕ್ಕಳ ನೆನಪೂ ಇರುವುದಿಲ್ಲ. ಅವನಿಗೆ ಹೆಂಡತಿ ಮಕ್ಕಳು ಇಲ್ಲ ಎನ್ನುವುದು ಬೇರೆ ಮಾತು! ಇದ್ದಿದ್ದರೂ ನೆನಪಿರುತ್ತಿರಲಿಲ್ಲ ಎಂದು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಎಲೆ, ಬೆಂಡು, ಬಾಟಲಿಯ ಮುಚ್ಚಳ, ಯಾರದೋ ಹರಿದ ಚಪ್ಪಲಿ, ಯಾವುದಾದರೂ ಸರಿ. ಅದು ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ? ಇದನ್ನು ತಿಳಿಯುವುದಕ್ಕೆಂದೇ ಅವನು ರಾಣೆಬೆನ್ನೂರು ಬಿಟ್ಟು ನೆದರ್ಲೆಂಡ್ಸಿಗೆ ಹೋಗಿ ಸಂಶೋಧನೆಗೆ ಕುಳಿತಿದ್ದಾನೆ. ಅಲ್ಲಿಯ ವಿಶ್ವವಿದ್ಯಾಲಯದವರು ಇದಕ್ಕೆ ಡಾಕ್ಟರೇಟ್ ಕೊಡುತ್ತಾರಂತೆ. ಇದೇ ಕೆಲಸಕ್ಕೆ ಚಿಕ್ಕಂದಿನಲ್ಲಿ ನಮ್ಮ ಅತ್ತೆಯವರು ಬೆನ್ನಿಗೆ ಕೊಡುತ್ತಿದ್ದರು!

ಹೋದ ಮೊದಲ ಚಳಿಗಾಲದಲ್ಲಿ ಒಮ್ಮೆ ಫೋನ್ ಮಾಡಿದ.

"ಅತ್ತಿಗಿ, ನನ್ನ ಒಂದು ಬೂಟು ಕಾಲುವ್ಯಾಗ ಬಿತ್ತು."

"ಲಗೂನ ಎತ್ತಿಕೋಬಾರದೇನೋ?"

"ಎತ್ತಿಕೊಂಡ್ರ ಎಲ್ಲಿಗೆ ಹೋಗತೈತಿ ಅಂತ ಗೊತ್ತಾಗೂದು ಹೆಂಗ? ಬೆನ್ನ ಹತ್ತಿದೆ. ಈಗ ಬ್ಯಾರೆ ಊರಾಗ ಅದೀನಿ."

"ಬೂಟು ಸಿಕ್ತಾ?"

"ಅದು ಇನ್ನೊಂದು ಊರಿಗೆ ಹೋತ್ರಿ."

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಆ ಹಿಮದ ದೇಶದಲ್ಲಿ ರೈಲು ಹತ್ತಿ ಮನೆ ಸೇರಿದನಂತೆ. ತಿರುಗಾಟಕ್ಕೇನೂ ಕಡಿಮೆಯಿಲ್ಲ. ರಜೆ ಸಿಕ್ಕರೆ ಒಂದು ನದಿ ಹಿಡಿದು ಮೂರು ದೇಶ ದಾಟುತ್ತಾನೆ. ಆದರೆ ಕಳಿಸುವ ಫೋಟೋ ನೋಡಬೇಕು! ಪ್ಯಾರಿಸ್ಸಿಗೆ ಹೋದಾಗ ಎಲ್ಲರೂ ಗೋಪುರದ ಫೋಟೋಕ್ಕೆ ಕಾದೆವು. ಸೇತುವೆಯ ಕೆಳಗೆ ತೇಲುತ್ತಿದ್ದ ಒಂದು ಬ್ರೆಡ್ಡಿನ ತುಂಡು ಬಂತು.

ಅವನ ಸಂಶೋಧನೆಯ ವಿಷಯ ನಮ್ಮ ತುಂಗಭದ್ರೆಯೇ. ಕುಮಾರಪಟ್ಟಣದ ಹತ್ತಿರ ನೀರಿಗೆ ಬಿದ್ದದ್ದು ಕೆಳಗೆ ಎಲ್ಲೆಲ್ಲಿ ಸಿಕ್ಕಿಕೊಂಡು, ಯಾವ ದಂಡೆ ಮುಟ್ಟುತ್ತದೆ ಎಂದು ಅವನು ಕಂಡುಹಿಡಿಯಬೇಕು. ಮೊದಲ ಸಲ ಊರಿಗೆ ಬಂದಾಗ ಅವನ ಗೈಡ್ ಮೇಡಂ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೆಂಡುಗಳನ್ನು ಕೊಟ್ಟು ಕಳಿಸಿದ್ದರು. ಒಳಗೊಂದು ಯಂತ್ರ. ತಾನು ಎಲ್ಲಿದ್ದೇನೆ ಎಂದು ಅದು ಆಗಾಗ ಫೋನಿಗೆ ಒಂದು ಚುಕ್ಕೆ ಕಳಿಸುತ್ತದೆ. ಚೆಂಡುಗಳು ಎಷ್ಟು ಚಂದ ಇದ್ದವೆಂದರೆ ಒಂದೂ ನೀರಿನಲ್ಲಿ ಉಳಿಯಲಿಲ್ಲ. ಕೊನೆಯದು ಒಂದು ಎಮ್ಮೆಯ ಕೊರಳಲ್ಲಿ ಸಿಕ್ಕಿತು. ಆ ಎಮ್ಮೆ ಯಾವ ಯಾವ ಹೊಲದಲ್ಲಿ ಮೇಯುತ್ತದೆ ಎಂಬುದರ ನಿಖರವಾದ ನಕಾಶೆ ಈಗಲೂ ಯುರೋಪಿನಲ್ಲಿದೆ!

ಎರಡನೇ ಸಲಕ್ಕೆ ಅವನು ತೆಂಗಿನಕಾಯಿಗೆ ಬಂದ. ತೆಂಗಿನಕಾಯಿ ಚೆನ್ನಾಗಿ ತೇಲುತ್ತದೆ, ನದಿಗೆ ಕಸವಾಗುವುದಿಲ್ಲ, ಯಾರಿಗೂ ಹೊಸದಲ್ಲ. ನೀರು ಬಸಿದು, ಯಂತ್ರ ಇಳಿಸಿ, ಮೇಣ ಹಾಕಿ ಮುಚ್ಚಿದ. ದೂರಕ್ಕೆ ಕಾಣಲಿ ಎಂದು ಹಳದಿ ಬಣ್ಣ ಬಳಿದು ನಡುವೆ ಒಂದು ಕೆಂಪು ಪಟ್ಟಿ ಎಳೆದ.

"ಇದು ಅರಿಶಿನ ಕುಂಕುಮ ಹಚ್ಚಿದ ಕಾಯಿ ಆತಲ್ಲೋ" ಅಂದೆ.

"ಇಲ್ರಿ ಅತ್ತಿಗಿ, ಇದು ಎನಾಮೆಲ್ ಪೇಂಟು."



ಈ ಸಲ ಮಾತ್ರ ಅವನ ಮುಖದಲ್ಲಿ ಮೊದಲಿನ ಕಳೆ ಇರಲಿಲ್ಲ. ವಿದ್ಯಾರ್ಥಿವೇತನ ಮುಗಿಯುತ್ತ ಬಂದಿತ್ತು. ಇದೇ ಕೊನೆಯ ಅವಕಾಶ, ಆಗದಿದ್ದರೆ ವಿಷಯ ಕೈಬಿಟ್ಟು ಬಾ ಎಂದು ಗೈಡ್ ಮೇಡಂ ಬರೆದಿದ್ದರು. ಬಿಟ್ಟ ಕಾಯಿಗಳು ಒಂದೊಂದಾಗಿ ಚುಕ್ಕೆ ಕಳಿಸುವುದನ್ನು ನಿಲ್ಲಿಸಿದವು. ಕೊನೆಗೆ ಉಳಿದದ್ದು ಒಂದೇ. ಅದೂ ನಡುವೆ ಒಂದು ಕಡೆ ನಿಂತು ದಿನಗಟ್ಟಲೆ ಅಲ್ಲಾಡಲಿಲ್ಲ. ಅವನು ಊಟ ಬಿಟ್ಟ, ಮಾತು ಬಿಟ್ಟ. ಆಮೇಲೆ ಚುಕ್ಕೆ ಮತ್ತೆ ಹೊರಟು ಗಳಗನಾಥದ ಕಡೆ ಬಂತು. ಆವತ್ತು ಒಂದು ರೊಟ್ಟಿ ತಿಂದ.

ಮರುದಿನ ಶನಿವಾರ. ಬೆಳಿಗ್ಗೆ ನಮ್ಮ ಬೀಜದ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಅವನು ಬನಿಯನ್ನಿನ ಮೇಲೆಯೇ ಓಡಿ ಬಂದ.

"ಅತ್ತಿಗಿ! ನದಿ ದಿಕ್ಕು ಬದಲಿಸೈತಿ! ದಂಡಿ ದಾಟಿ ಮ್ಯಾಲೆ ಏರಾಕತ್ತೈತಿ! ಇಷ್ಟು ಜೋರು ಹರಿಯೂದು ನಾ ಎಲ್ಲೂ ಓದಿಲ್ಲ!"

ಫೋನ್ ಇಸಿದುಕೊಂಡು ನೋಡಿದೆ. ಚುಕ್ಕೆ ಗಳಗನಾಥದಲ್ಲಿ ನೀರು ಬಿಟ್ಟು ಡಾಂಬರು ರಸ್ತೆ ಹಿಡಿದಿತ್ತು.

"ಅದು ನದಿ ಅಲ್ಲಪ್ಪ. ಗುತ್ತಲದ ಬಸ್ಸು."

ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಕಾರು ತೆಗೆದೆ. ಕಾರು ನಾನೇ ಓಡಿಸಬೇಕು. ಅವನ ಕೈಗೆ ಕೊಟ್ಟರೆ ರಸ್ತೆಯ ಗುಂಡಿಗಳಲ್ಲಿ ತೇಲುವ ಹುಲ್ಲು ನೋಡುತ್ತ ಕೂರುತ್ತಾನೆ.

ಆ ಬಸ್ಸಿನ ಕೊನೆಯ ನಿಲ್ದಾಣ ಹಾವೇರಿ. ಹೆದ್ದಾರಿಯಲ್ಲಿ ಆ ಕಡೆ ಹೊರಟೆವು. ಸ್ವಲ್ಪ ದೂರ ಫೋನಿನ ಚುಕ್ಕೆ ನೋಡುತ್ತ ಕುಳಿತ. ಆಮೇಲೆ ಕೇಳಿದ. "ಅತ್ತಿಗಿ, ನೀರಾಗ ತೇಲಿ ಬಂದ ಕಾಯಿ ಸಿಕ್ರ ಮಂದಿ ಏನ್ ಮಾಡ್ತಾರ?"

"ದೇವರಿಗೆ ಒಯ್ದು ಒಡೀತಾರ."

ಅವನು ಬಿಳಿಚಿಕೊಂಡ. "ಒಡೀಬಾರದ್ರಿ."

"ಗೊತ್ತಪ್ಪ, ನಿನ್ನ ಸಂಶೋಧನಾ ಹಾಳಾಗತೈತಿ."

"ಅದಲ್ರಿ. ಒಳಗ ಬ್ಯಾಟರಿ ಐತಿ. ಕಲ್ಲಿಗೆ ಜೋರಾಗಿ ಬಡದ್ರ ಬೆಂಕಿ ಹತ್ತಬಹುದು. ಎಲ್ಲಾ ಸಲ ಹತ್ತಂಗಿಲ್ಲ. ಆದ್ರ ಹತ್ತಿದ್ರ, ಕೈಯಾಗ ಹಿಡದವರು..."

ನನ್ನ ಕಾಲು ತಾನಾಗಿಯೇ ಆಕ್ಸಿಲರೇಟರನ್ನು ಒತ್ತಿಬಿಟ್ಟಿತ್ತು. ಇಂಥ ಮಾತನ್ನು ಕಾಯಿ ನೀರಿಗೆ ಬಿಡುವ ಮುಂಚೆ ಹೇಳಬಾರದೆ, ಮಹಾನುಭಾವ!

ಹಾವೇರಿ ನಿಲ್ದಾಣ ಮುಟ್ಟಿದಾಗ ಗುತ್ತಲದ ಬಸ್ಸು ಖಾಲಿಯಾಗಿ ನಿಂತಿತ್ತು. ಕಂಡಕ್ಟರ್ ಚಹಾ ಕುಡಿಯುತ್ತಿದ್ದರು.

"ಕಾಯಿ ಹಿಡಕೊಂಡವರು ಯಾರರ ಇಳಿದ್ರೇನ್ರಿ?" ಎಂದು ಕೇಳಿದೆ.

"ಶನಿವಾರ ಐತ್ರಿ ಅಕ್ಕಾರ. ಕಾಯಿ ಇಲ್ಲದವರು ಯಾರರ ಇದ್ರೇನು ಅಂತ ಕೇಳ್ರಿ."

ಅಷ್ಟರಲ್ಲಿ ಮೈದುನ ಕೂಗಿದ. ಚುಕ್ಕೆ ಹೊರಟಿತ್ತು! ನಮ್ಮ ಬೆನ್ನ ಹಿಂದಿನಿಂದಲೇ ಬ್ಯಾಡಗಿಯ ಬಸ್ಸು ಗೇಟು ದಾಟಿ ಹೋಗಿತ್ತು. ಕಾರಿಗೆ ಓಡಿದೆವು. ಮೋಟೆಬೆನ್ನೂರಿನವರೆಗೆ ಬಸ್ಸಿನ ಬೆನ್ನು ಕಾಣುತ್ತಿತ್ತು. ಅಲ್ಲಿಂದ ಒಳಗೆ ತಿರುಗಿದ್ದೇ ತಡ, ಮೆಣಸಿನಕಾಯಿ ಚೀಲ ಹೊತ್ತ ಲಾರಿಗಳು ಒಂದರ ಹಿಂದೆ ಒಂದು ಅಡ್ಡ ನಿಂತವು. ಬಸ್ಸು ಹೇಗೋ ನುಸುಳಿತು, ನಾವು ಉಳಿದೆವು. ಕಾರಿನ ಕಿಟಕಿ ಮುಚ್ಚಿದರೂ ಘಾಟು ಒಳಗೆ ಬಂತು. ಅವನು ಸೀನುತ್ತಾನೆ, ನಾನು ಹಾರ್ನ್ ಹೊಡೆಯುತ್ತೇನೆ. ಮುಂದಿನ ಲಾರಿಯ ಡ್ರೈವರ್ ಇಳಿದು ಬಂದು, "ಆರಾಮ್ ಹೋಗ್ರಿ ಅಕ್ಕಾರ, ಯಾರಿಗೆ ಏನಾಗೈತಿ?" ಎಂದ. ತೆಂಗಿನಕಾಯಿ ತಪ್ಪಿಸಿಕೊಂಡಿದೆ ಎನ್ನಲೇ?

ಬ್ಯಾಡಗಿಯ ಪೇಟೆ ಮುಟ್ಟುವಾಗ ಚುಕ್ಕೆ ಮಾಯವಾಯಿತು.

ಮೈದುನ ಫೋನನ್ನು ತಿಕ್ಕಿದ, ಕಿಟಕಿಯಾಚೆ ಹಿಡಿದ, ಮತ್ತೆ ನೋಡಿದ. ಏನೂ ಇಲ್ಲ.

"ಒಡದ್ರು ಅಂತ ಕಾಣತೈತಿ" ಎಂದ ಸಣ್ಣ ದನಿಯಲ್ಲಿ.

ಕಾರು ನಿಲ್ಲಿಸಿದೆ. ಇಬ್ಬರೂ ಕಿವಿಗೊಟ್ಟು ಕುಳಿತೆವು. ಯಾವುದಾದರೂ ಓಣಿಯಿಂದ ಕೂಗು ಕೇಳುತ್ತದೆಯೇ, ಎಲ್ಲಿಂದಾದರೂ ಹೊಗೆ ಏಳುತ್ತದೆಯೇ ಎಂದು. ಹಮಾಲರ ಕೂಗು, ಲಾರಿಯ ಹಾರ್ನು, ಅಷ್ಟೆ. ಅವನು ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದ. "ನನ್ನ ಥೀಸಿಸ್ ಹಾಳಾಗಿ ಹೋಗ್ಲಿ ಅತ್ತಿಗಿ. ಯಾರ ಕೈಗೂ ಏನೂ ಆಗದಿದ್ರ ಸಾಕು."

ಆಗ ಫೋನು ಕಿಣ್ಣೆಂದಿತು. ಚುಕ್ಕೆ ಕದರಮಂಡಲಗಿಯ ದಾರಿಯಲ್ಲಿತ್ತು. ಶನಿವಾರ, ಆಂಜನೇಯನ ಗುಡಿ, ಕೈಯಲ್ಲಿ ಕಾಯಿ. ಇನ್ನು ಕೇಳುವುದೇನಿದೆ!

ದಾರಿಯಲ್ಲಿ ಅವನಿಗೆ ತಾಕೀತು ಮಾಡಿದೆ. "ಬೆಂಕಿ, ಬ್ಯಾಟರಿ ಅನ್ನೋ ಮಾತು ಗುಡಿಯಾಗ ನಿನ್ನ ಬಾಯಿಂದ ಬರಬಾರದು. ಒಬ್ಬರು ಓಡಿದ್ರ ಎಲ್ಲಾರೂ ಓಡ್ತಾರ, ಮುದುಕರು ಕೂಸುಗಳು ಕಾಲಾಗ ಸಿಗ್ತಾವ."

"ಮತ್ತ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ. ಕಾಯಿ ಹುಡುಕು."

ಹುಡುಕುವುದೇನು ಬಂತು? ಗುಡಿಯ ಅಂಗಳದ ಸಾಲಿನಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಕಾಯಿ, ಪ್ರತಿ ಕಾಯಿಗೂ ಅರಿಶಿನ, ನಡುವೆ ಕುಂಕುಮ! ಚುಕ್ಕೆ "ಇಲ್ಲೇ ಇದ್ದೇನೆ" ಎನ್ನುತ್ತಿತ್ತೇ ಹೊರತು ಯಾರ ಕೈಯಲ್ಲಿ ಎಂದು ಹೇಳುತ್ತಿರಲಿಲ್ಲ. ಮೈದುನ ಒಂದು ಕ್ಷಣ ನಿಂತ. ನಂತರ ಸಾಲಿನ ಕೊನೆಯಿಂದ ಶುರು ಮಾಡಿದ.

"ಅಜ್ಜಾರ, ನಿಮ್ಮ ಕಾಯಿ ಸ್ವಲ್ಪ ಅಲ್ಲಾಡಸ್ರಿ. ನೀರು ಐತಿ? ಮುಂದ ಹೋಗ್ರಿ. ಅಮ್ಮಾರ, ನೀವೂ."

ಯಾಕೆ ಎಂದು ಯಾರೂ ಕೇಳಲಿಲ್ಲ! ಗುಡಿಯ ಹೊಸ ನಿಯಮ ಇರಬೇಕು ಎಂದುಕೊಂಡು ಇಡೀ ಸಾಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿತು. ಒಬ್ಬ ಹೆಣ್ಣುಮಗಳು ಬರಿಗೈಯಲ್ಲಿದ್ದ ನನಗೂ ಕಾಯಿ ತೋರಿಸೆಂದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಆವತ್ತು ಸಾಲಿನ ಕಾಯಿಗಳನ್ನು ಒಂದೊಂದಾಗಿ ನೋಡುತ್ತ ನಡೆದೆ.

ಅಷ್ಟರಲ್ಲಿ ಸಾಲಿನ ಮುಂದೆ, ಕಾಯಿ ಒಡೆಯುವ ಕಲ್ಲಿನ ಹತ್ತಿರ, ಒಬ್ಬ ವಯಸ್ಸಾದ ಹೆಂಗಸಿನ ದನಿ ಕೇಳಿತು. "ಇದ್ರಾಗ ನೀರಿನ ಸಪ್ಪಳನ ಇಲ್ಲಲ್ಲೋ!"

ಅವಳ ಮಗ ತೋಳು ಮೇಲೆತ್ತಿದ್ದ. ಕೈಯಲ್ಲಿ ಹಳದಿ ಕಾಯಿ.

ನನ್ನ ಮೈದುನ ಓಡಿದ. ಕೂಗಲಿಲ್ಲ. ಕೂಗಬೇಡ ಎಂದು ನಾನೇ ಹೇಳಿದ್ದೆನಲ್ಲ! ಹೋದವನೇ ಎರಡೂ ಅಂಗೈಗಳನ್ನು ಆ ಕಲ್ಲಿನ ಮೇಲೆ ಅಗಲಿಸಿ ಇಟ್ಟುಬಿಟ್ಟ.

ಆ ಮನುಷ್ಯ ಬೀಸಿದ ಕೈಯನ್ನು ಗಾಳಿಯಲ್ಲೇ ತಡೆದ. ಹೇಗೆ ತಡೆದನೋ. ಕಾಯಿ ಬೆರಳುಗಳಿಂದ ಒಂದು ಗೇಣು ಮೇಲೆ ನಿಂತಿತು.

"ಹುಚ್ಚೇನ್ರಿ ನಿಮಗ! ಕೈ ಜಜ್ಜಿ ಹೋಗ್ತಿದ್ವು!"

"ಹೋಗ್ಲಿ ಬಿಡ್ರಿ. ಅದನ್ನ ಒಡೀಬ್ಯಾಡ್ರಿ. ಕೈಮುಗೀತೇನಿ" ಎಂದ. ಕೈ ಮಾತ್ರ ಮುಗಿಯಲಿಲ್ಲ, ಕಲ್ಲಿನ ಮೇಲಿಂದ ತೆಗೆಯಲು ಅವನಿಗೆ ಧೈರ್ಯವೇ ಇರಲಿಲ್ಲ.

ನಾನು ಮುಂದೆ ಹೋಗಿ ಮೂವರನ್ನೂ ಮರದ ನೆರಳಿಗೆ ಕರೆತಂದೆ. ತಾಯಿ, ಮಗ, ಹಿಂದೆ ಬಸುರಿ ಸೊಸೆ. ಮೈದುನ ಎಲ್ಲವನ್ನೂ ಹೇಳಿದ. ಬ್ಯಾಟರಿಯ ಮಾತನ್ನೂ, ತಪ್ಪು ತನ್ನದೆಂದೂ. ಉಗುರಿನಿಂದ ಮೇಣ ಕೆರೆದು ಯಂತ್ರವನ್ನು ಹೊರಗೆಳೆದು ತೋರಿಸಿದ. ತಾಯಿಗೆ ಸಿಟ್ಟು ನೆತ್ತಿಗೇರಿತ್ತು. "ಎರಡು ಸಲ ಕೂಸು ಹೋಗ್ಯಾವ್ರಿ ಈಕೀಗೆ. ನಿನ್ನೆ ಹೊಳ್ಯಾಗ ನಿಂತು ಬೇಡಿಕೊಂಡಾಗ ಈ ಕಾಯಿ ಬಂದು ಈಕೀ ಸೆರಗಿಗೆ ಹತ್ತಿತು. ನೀವು ನೋಡಿದ್ರ ಮಶೀನು ಅಂತೀರಿ!"

ಸೊಸೆ ಆಗ ಮೊದಲ ಸಲ ಬಾಯಿ ತೆರೆದಳು. "ನೀರಿನ ಸಪ್ಪಳ ಇದ್ದಿಲ್ಲ. ಒಡದು ನೋಡಿ ಒಳಗ ಕೆಟ್ಟಿತ್ತು ಅಂದ್ರ... ಬಸ್ಸಿನ್ಯಾಗ ದಾರಿ ತುಂಬ ಅದೊಂದ ಅಂಜಿಕಿ ನನಗ."

"ಕೆಟ್ಟಿಲ್ಲವ್ವ" ಎಂದ ಮೈದುನ. "ನೀರು ನಾನ ತಗದಿದ್ದೆ. ಕಾಯಿ ಛಲೋ ಐತಿ."

ಅವಳು ಅವನ ಮುಖ ನೋಡಿದಳು. "ಹಂಗಾದ್ರ ಇದು ದೇವರು ಕಳಿಸಿದ್ದಲ್ಲೇನ್ರಿ?"

ಈ ಮಹಾರಾಯ ಈಗ ಏನು ಹೇಳುತ್ತಾನೋ!

ಅವನು ಯಂತ್ರವನ್ನು ಜೇಬಿಗೆ ಹಾಕಿದ. "ಕುಮಾರಪಟ್ಟಣದಾಗ ನೀರಿಗೆ ಬಿಟ್ಟಾವ ನಾನು. ಅದು ಖರೇ. ಆದ್ರ ಅಷ್ಟು ದೊಡ್ಡ ಹೊಳ್ಯಾಗ ನಿಮ್ಮ ಹತ್ರನ ಯಾಕ ಬಂತು ಅನ್ನೂದು ನನಗ ಗೊತ್ತಿಲ್ಲವ್ವ."

ಆಮೇಲೆ ಅವಳ ಪಕ್ಕದ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಕಾಯಿ ಬಂದ ದಾರಿ ತೆಗೆದ. ಅವಳು ತೋರುಬೆರಳಿನಿಂದ ಆ ಗೆರೆಯ ಮೇಲೆ ಮೆಲ್ಲಗೆ ಸಾಗಿದಳು. ಒಂದು ಕಡೆ ಚುಕ್ಕೆಗಳು ಒಂದರ ಮೇಲೊಂದು ಗುಂಪುಗೂಡಿದ್ದವು. ಬೆರಳು ಅಲ್ಲಿ ನಿಂತಿತು.

"ಇಲ್ಲಿ ಏನಾತ್ರಿ?"

"ಸುಳಿ ಇತ್ತು. ಅಲ್ಲೇ ಸಿಕ್ಕಿಕೊಂಡು ತಿರುಗ್ತಿತ್ತು. ಇದೂ ಹೋತು ಅಂತ ನಾನ ಕೈಬಿಟ್ಟಿದ್ದೆ."

"ಆಮ್ಯಾಲೆ?"

"ಆಮ್ಯಾಲೆ ಹೊರಗ ಬಂತು."

ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಸುಳಿಯಿಂದ ವಸ್ತು ಹೇಗೆ ಹೊರಬರುತ್ತದೆ ಎಂಬುದರ ಮೇಲೆ ತಾಸುಗಟ್ಟಲೆ ಮಾತಾಡಬಲ್ಲ ನನ್ನ ಮೈದುನ ಒಂದು ಮಾತೂ ಆಡಲಿಲ್ಲ. ಅವಳ ಬೆರಳು ಗಳಗನಾಥ ಮುಟ್ಟುವವರೆಗೆ ಫೋನನ್ನು ಎರಡೂ ಕೈಯಲ್ಲಿ, ಒಂದಿಷ್ಟೂ ಅಲುಗದಂತೆ, ಹಿಡಿದುಕೊಂಡು ಕುಳಿತಿದ್ದ.