ಊಟ ಆತೇನ್ರಿ?

ಹಲ್ಲಿನ ಡಾಕ್ಟರಿಗೆ ಹಲ್ಲೊಂದೇ ಕಾಣುತ್ತದೆ, ಅದರ ಹಿಂದಿರುವ ಮನುಷ್ಯ ಕಾಣುವುದಿಲ್ಲ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಅದನ್ನು ಅಲ್ಲಗಳೆಯಲು ನನ್ನ ಬಳಿ ಪುರಾವೆ ಇಲ್ಲ. ರಸ್ತೆಯಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ನನಗೆ ಗುರುತು ಹತ್ತುವುದಿಲ್ಲ, ನಕ್ಕರೆ ಹತ್ತುತ್ತದೆ. ಆದರೂ ಕಾಲೇಜಿನಲ್ಲಿ ಕಲಿಸಿದ್ದನ್ನು ಮರೆತವನಲ್ಲ. ಇಂಜೆಕ್ಷನ್ ಚುಚ್ಚುವ ಮೊದಲು ನಾಡಿ ಹಿಡಿಯಬೇಕು, ಬಿ.ಪಿ. ನೋಡಬೇಕು, ಸಕ್ಕರೆ ಕಾಯಿಲೆ ಉಂಟೇ ಎಂದು ಕೇಳಬೇಕು, ಹೊಟ್ಟೆಗೆ ಏನಾದರೂ ಬಿದ್ದಿದೆಯೇ ಎಂದು ವಿಚಾರಿಸಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಪ್ರತಿ ಸೋಮವಾರ ರಾಯಚೂರಿನಿಂದ ಬಸ್ಸು ಹಿಡಿದು ದೇವದುರ್ಗಕ್ಕೆ ಹೋಗಿ, ಬಾಡಿಗೆ ಕೋಣೆಯೊಂದರಲ್ಲಿ ಹಲ್ಲು ಕೀಳುತ್ತಿದ್ದಾಗ ಇದೆಲ್ಲವನ್ನೂ ತಪ್ಪದೆ ಮಾಡುತ್ತಿದ್ದೆ. ತೊಡಕಿದ್ದದ್ದು ಕೊನೆಯದರಲ್ಲಿ. ಇಂಗ್ಲಿಷಿನಲ್ಲಿ ಕಲಿತ ಆ ಪ್ರಶ್ನೆ ನಮ್ಮ ಕಡೆಯ ಕನ್ನಡಕ್ಕೆ ಬಂದ ಕೂಡಲೇ ‘ಊಟ ಆತೇನ್ರಿ?’ ಎಂದಾಯಿತು. ಅದು ಪ್ರಶ್ನೆಯಲ್ಲ, ನಮಸ್ಕಾರ. ಅದಕ್ಕೆ ಇರುವುದು ಒಂದೇ ಉತ್ತರ: ‘ಆತ್ರಿ, ನಿಮ್ದು?’ ಹುಟ್ಟಿ ಬೆಳೆದದ್ದು ಪಕ್ಕದ ಮಾನ್ವಿಯಲ್ಲೇ ಆದರೂ ಇದು ನನಗೆ ಹೊಳೆದಿರಲಿಲ್ಲ.

ಒಂದು ಸೋಮವಾರ ಅಕ್ಕಿ ಗಿರಣಿಯ ಸಾಹುಕಾರ ಶರಣಪ್ಪನವರು ದವಡೆ ಹಲ್ಲು ಕೀಳಿಸಲು ಹೆಂಡತಿಯೊಂದಿಗೆ ಬಂದರು. ಸಕ್ಕರೆ ಕಾಯಿಲೆ ಇದೆ, ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ ಎಂದರು. ಬಿ.ಪಿ. ಸರಿಯಿತ್ತು. ಊಟವೂ ಆಗಿತ್ತು, ನನ್ನದನ್ನೂ ವಿಚಾರಿಸಿಕೊಂಡರು. ಇಂಜೆಕ್ಷನ್ ಕೊಟ್ಟು, ತುಟಿ ಜೋಮು ಹಿಡಿಯಲೆಂದು ಕಾಯುತ್ತಿದ್ದೆ. ಅಷ್ಟರಲ್ಲಿ ಅವರು ಮೈಯೆಲ್ಲ ಬೆವರಿ, ಕೈ ನಡುಗಿ, ನನ್ನನ್ನೇ ತಮ್ಮ ಹಮಾಲನೆಂದು ತಿಳಿದು ಚೀಲ ಎತ್ತಲು ಹೇಳಿ, ಕುರ್ಚಿಯಲ್ಲಿ ವಾಲಿದರು. ಸೂಜಿ ಕಂಡು ತಲೆ ತಿರುಗಿರಬೇಕೆಂದು ಕುರ್ಚಿ ಮಲಗಿಸಿ ಕಾಲು ಎತ್ತಿಸಿದೆ. ಏಳಲಿಲ್ಲ. ನಾಡಿ ಹಿಡಿದರೆ ಢವಢವ ಹೊಡೆಯುತ್ತಿತ್ತು. ನಾಡಿ ಗಟ್ಟಿಯಿದೆ, ಹೆದರಬೇಡಿ ಎಂದು ಅವರ ಹೆಂಡತಿಗೆ ಧೈರ್ಯ ಹೇಳಿದೆ. ಗಾಬರಿಯಲ್ಲಿ ನಾನು ಹಿಡಿದಿದ್ದು ಹೆಬ್ಬೆರಳಿನಿಂದ. ಹಾಗೆ ಹಿಡಿದರೆ ಸಿಗುವುದು ನಮ್ಮದೇ ನಾಡಿ ಎಂದು ಕಾಲೇಜಿನಲ್ಲಿ ಬಡಿದು ಬಡಿದು ಹೇಳಿದ್ದರು. ಈ ಮನುಷ್ಯ ನನ್ನ ಕೈಯಲ್ಲೇ ಹೋಗಿಬಿಡುತ್ತಾರೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಸಾಮಾನು ತೊಳೆಯುತ್ತಿದ್ದ ನಮ್ಮ ತಿಪ್ಪಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸಾಹುಕಾರರ ಹೆಂಡತಿಯನ್ನು ಕೇಳಿದಳು.

“ಮುಂಜಾನಿ ಏನ್ ಉಂಡಾರ್ರಿ ಯವ್ವಾ?”

“ಸೋಮವಾರ ಏನೂ ಮುಟ್ಟಂಗಿಲ್ಲವಾ. ಗುಳಿಗಿ ಅಷ್ಟ ತಗೊಂಡಾರ.”

ಗುಳಿಗೆ ಒಳಗೆ, ಊಟ ಹೊರಗೆ. ರಕ್ತದ ಸಕ್ಕರೆ ಇಳಿದುಹೋಗಿತ್ತು. ಪುಣ್ಯಕ್ಕೆ ಗುಟುಕು ನುಂಗುವಷ್ಟು ಎಚ್ಚರ ಉಳಿದಿತ್ತು. ತಿಪ್ಪಮ್ಮ ಪಕ್ಕದ ಚಹಾದಂಗಡಿಯಿಂದ ಸಕ್ಕರೆ ತಂದಳು. ಸಕ್ಕರೆ ಬಿಡಿ, ಸಕ್ಕರೆ ಬಿಡಿ ಎಂದು ಊರಿಗೆಲ್ಲ ಉಪದೇಶ ಮಾಡುವ ನಾನೇ ಅದನ್ನು ಅವರ ವಸಡಿಗೆ ತಿಕ್ಕಿದೆ. ಆಮೇಲೆ ಚಮಚದಲ್ಲಿ ಸಕ್ಕರೆ ನೀರು ಕುಡಿಸಿದೆ. ಹದಿನೈದು ನಿಮಿಷಕ್ಕೆ ಕಣ್ಣು ಬಿಟ್ಟರು. ನನಗೆ ಹೋದ ಜೀವ ಬಂದಂತಾಯಿತು. ಅವರಿಗೆ ಮಾತ್ರ ಉಪವಾಸ ಕೆಟ್ಟಿತೆಂಬ ಬೇಸರ. ಊಟ ಆಗಿದೆ ಎಂದು ಯಾಕೆ ಹೇಳಿದಿರಿ ಎಂದು ರೇಗಿದೆ.

“ಇಲ್ಲ ಅಂದ್ರ ನೀವು ಉಣ್ಣಾಕ ನೀಡಬೇಕಾಗ್ತಿತ್ತಲ್ರಿ” ಎಂದರು. ಪರಸ್ಥಳದವರಿಗೆ ಯಾಕೆ ತ್ರಾಸ ಕೊಡಬೇಕು ಎಂಬ ವಿಚಾರ ಅವರದು.

ಅಂದಿನಿಂದ ಪ್ರಶ್ನೆ ಬದಲಿಸಿದೆ. ಏನು ಉಂಡಿರಿ, ಎಷ್ಟು ಹೊತ್ತಿಗೆ ಉಂಡಿರಿ ಎಂದು ಪೊಲೀಸರ ಧಾಟಿಯಲ್ಲಿ ಕೇಳತೊಡಗಿದೆ. ಜನ ತಡಬಡಾಯಿಸಿದರೂ ನಿಜ ಹೇಳತೊಡಗಿದರು, ನಾನು ಏನೋ ಕಂಡುಹಿಡಿದವನಂತೆ ಬೀಗಿದೆ. ತಿಂಗಳೊಳಗೆ ಕೂಲಿ ಮಾಡುವ ಮುದುಕಿಯೊಬ್ಬಳು ಬಂದಳು. ಏನು ಉಂಡೆ ಯವ್ವಾ ಎಂದೆ. ಬಾಯಿ ತೆರೆದು ಹಲ್ಲು ತೋರಿಸಿದಳು. ಮತ್ತೆ ಗಟ್ಟಿಯಾಗಿ ಕೇಳಿದೆ. ಬಾಗಿಲಾಚೆ ಬೆಂಚಿನಲ್ಲಿ ಕುಳಿತವರನ್ನೊಮ್ಮೆ ನೋಡಿ ದನಿ ತಗ್ಗಿಸಿದಳು.

“ಊಟ ಆತೇನು ಅಂತ ಕೇಳೋ ಯಪ್ಪಾ. ಆತು ಅಂತೀನಿ.”

ನನಗೆ ನಾಚಿಕೆಯಾಯಿತು. ಚಹಾ, ಬನ್ನು ತರಿಸುತ್ತೇನೆ ಎಂದೆ. ಹಲ್ಲು ಕೀಳಿಸಿಕೊಳ್ಳಲು ಬಂದಿದ್ದೇನೆ, ಉಣ್ಣಲು ಅಲ್ಲ ಎಂದಳು. ಕೊನೆಗೆ, ನನ್ನದೂ ಆಗಿಲ್ಲವ್ವಾ, ಜೊತೆಗೆ ಯಾರಾದರೂ ಇದ್ದರೆ ಎರಡು ತುತ್ತು ಇಳಿಯುತ್ತದೆ ಎಂದು ಬುತ್ತಿ ಬಿಚ್ಚಿದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಎರಡು ತಟ್ಟೆ ಮಂಡಕ್ಕಿ ಒಗ್ಗರಣೆ, ಮೇಲೆ ನಾಲ್ಕು ಮಿರ್ಚಿ ಹೊಡೆದು ಅರ್ಧ ಗಂಟೆಯೂ ಆಗಿರಲಿಲ್ಲ. ಮುದುಕಿ ಒಂದು ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿಂದು, ಉಳಿದ ಮೂರನ್ನು ನನ್ನ ಕಡೆಗೆ ಸರಿಸಿ, ನಾನು ಉಣ್ಣುವುದನ್ನೇ ನೋಡುತ್ತ ಕುಳಿತಳು. ಮೂರನ್ನೂ ಉಂಡೆ. ಆಮೇಲೆ ನಾಡಿ ಹಿಡಿದರೆ ಆಕೆಯದು ಸರಿಯಿತ್ತು. ಬೆವರು ಒರೆಸಿಕೊಳ್ಳುತ್ತ, ಉಸಿರು ಹಿಡಿದು ಹೇಗೋ ಹಲ್ಲು ಕಿತ್ತು, ಗೋಡೆಗೆ ಒರಗಿ ನಿಂತೆ. ಮುದುಕಿ ಹತ್ತಿ ಕಚ್ಚಿಕೊಂಡೇ ನನ್ನ ಮುಖವನ್ನು ಮೇಲಿಂದ ಕೆಳಗೆ ನೋಡಿದಳು.

“ಇನ್ನ ಮ್ಯಾಲ ಹಸಗೊಂಡು ಬರಬ್ಯಾಡ ಯಪ್ಪಾ” ಎಂದು ಬುದ್ಧಿ ಹೇಳಿ ಹೋದಳು.