ಮಾವನ ಮಿದುಳಿಗೆ ಹೊಸ ಎಳೆ

ನಮ್ಮ ಸೋದರಮಾವನ ತಲೆಯಲ್ಲಿ ಏನೂ ಇಲ್ಲ ಎಂದು ಅತ್ತೆ ಮದುವೆಯಾದಾಗಿನಿಂದ ಹೇಳುತ್ತಿದ್ದರು. ಕೊನೆಗೆ ಮೈಸೂರಿನ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು: ಪಾರ್ಕಿನ್ಸನ್ ಕಾಯಿಲೆ, ಮಿದುಳಿನ ಒಂದು ಮೂಲೆಯ ಜೀವಕೋಶಗಳು ಸಾಯುತ್ತಿವೆ. ಅತ್ತೆ ಗೆದ್ದರು! ಗೆದ್ದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಕೊಳ್ಳೇಗಾಲದ ರೇಷ್ಮೆ ಮಗ್ಗದವರಲ್ಲಿ ಎಳೆ ಹೊಸೆಯುವುದರಲ್ಲಿ ಮಾವನಿಗೆ ಮಾವನೇ ಸಾಟಿ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದಕ್ಕೂ ಹೋಗುವ ನೂಲು, ಮುಗಿಯುವಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಹೊಸೆಯಬೇಕು. ಈ ವಿದ್ಯೆಯ ಜಂಬ ಎಷ್ಟೆಂದರೆ, ಯಳಂದೂರಿನ ಮದುವೆಯೊಂದರಲ್ಲಿ ಧಾರೆಗೆ ನಿಂತ ಹೆಣ್ಣಿನ ಸೆರಗು ಹಿಡಿದು, "ಬ್ಯಾರೆಬ್ಯಾರೆ ಸಲ ಬಣ್ಣಕ್ಕಾಕಿದ ಎರಡು ಲಾಟಿನ ರೇಷ್ಮೆ ಸೇರ್ಸವ್ನೆ ಕಳ್ಳ! ಪಟ್ಟೆ ಬಿದ್ದದೆ ನೋಡ್ರಿ!" ಎಂದು ಕೂಗಿದ್ದರು. ಪುಣ್ಯಕ್ಕೆ ಹೆಣ್ಣಿನ ಕಡೆಯವರು ಊಟ ಮುಗಿದ ಮೇಲೆ ಹೊಡೆಯಲು ಬಂದರು.

ಅಂಥವರಿಗೆ ಈಗ ಅಂಗಿಯ ಗುಂಡಿ ಹಾಕಲು ಬಾರದು. ಟೀ ಹಿಡಿದರೆ ಅರ್ಧ ಪಂಚೆಗೆ. "ಪಂಚೆಗೂ ಬಾಯಾರ್ತದೆ ಕಣ್ಲಾ" ಎನ್ನುತ್ತಾರೆ. ನಾವು ನಗುತ್ತೇವೆ, ನಾಚಿಕೆಗೆಟ್ಟವರು!

ನಾನಂತೂ ಇನ್ನೂ ದೊಡ್ಡ ಮೂರ್ಖ. ಭ್ರೂಣದ ಮಿದುಳಿನ ಕೋಶಗಳನ್ನು ರೋಗಿಯ ಮಿದುಳಿಗೆ ಹಾಕುತ್ತಾರೆಂಬ ವಿಡಿಯೊವೊಂದನ್ನು ಅವರಿಗೆ ತೋರಿಸಿಬಿಟ್ಟೆ. ಮಾರನೆಯ ದಿನವೇ ಇಸ್ತ್ರಿ ಅಂಗಿ ತೊಟ್ಟು, ನನ್ನನ್ನೂ ಎಳೆದುಕೊಂಡು ಮೈಸೂರಿಗೆ ಹೊರಟರು.

ಡಾಕ್ಟರು ವಿವರಿಸಿದರು: "ಹೊರದೇಶಗಳಲ್ಲಿ ಸಂಶೋಧನೆಗೆಂದು ಮಾಡಿದ್ದಾರೆ. ಗರ್ಭ ತೆಗೆಸಿಕೊಂಡ ತಾಯಂದಿರ ಒಪ್ಪಿಗೆ ಪಡೆದು, ಭ್ರೂಣದ ಮಿದುಳಿನ ಚೂರನ್ನು ತೊಳೆದು, ಕೋಶಗಳನ್ನು ಬಿಡಿಬಿಡಿ ಮಾಡಿ, ಬದುಕಿರುವುದೆಷ್ಟು ಎಂದು ನೋಡಿ, ಸೂಜಿಯಲ್ಲಿ ಇಳಿಸುತ್ತಾರೆ."

ಮಾವ ಕುರ್ಚಿ ಎಳೆದುಕೊಂಡರು. "ಒಂದೇ ಲಾಟಾ ಸಾ?"

"ಒಂದು ಸಾಲದು. ಒಬ್ಬರಿಗೆ ಹಲವು ಭ್ರೂಣ ಬೇಕಾಗಬಹುದು."

"ಅಯ್ಯೋ, ಪಟ್ಟೆ ಬೀಳ್ತದೆ ಸಾ! ಬೆಳಿಗ್ಗೆ ಒಂದು ಮಗಿನ ಬುದ್ಧಿ, ಸಾಯಂಕಾಲ ಇನ್ನೊಂದರ ಬುದ್ಧಿ! ಅದಿರ್ಲಿ, ಒಸೆಯೋರು ಯಾರು?"

"ಯಾರೂ ಇಲ್ಲ, ಆ ಕೋಶಗಳು ತಾವಾಗಿಯೇ ಬೆಸೆದುಕೊಳ್ಳಬೇಕು. ಎಷ್ಟೋ ಸಲ ಬೆಸೆದುಕೊಳ್ಳುವುದಿಲ್ಲ. ನಿಮಗೆ ಇಲ್ಲಿ ಆ ಚಿಕಿತ್ಸೆ ಸಿಗುವುದೂ ಇಲ್ಲ."

"ಒಂದೇ ಒಂದು ಹಾಸು ಒಸೆಯೋ ಅಷ್ಟು ಕೈ ನಿಂತ್ರೆ ಸಾಕು ಸಾ."

ಡಾಕ್ಟರು ಮಾತ್ರೆ ಬರೆದು ಮುಂದಿನ ಟೋಕನ್ ಕರೆದರು. ಅವರನ್ನು ಬೈದು ಏನು ಪ್ರಯೋಜನ? ಆಸೆ ಹುಟ್ಟಿಸಿದವನು ನಾನು.

ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತರು. ಊರು ಹತ್ತಿರವಾದಾಗ ಒಮ್ಮೆಲೇ ಅಂದರು: "ನಿಮ್ಮತ್ತೆಗೂ ಐದು ತಿಂಗಳ ಬಸುರಲ್ಲೇ ಒಂದು ಮಗ ಓಯ್ತು. ನಾನು ನೋಡ್ಲಿಲ್ಲ ಕಣ್ಲಾ. ಹಾಸು ಒಸೀತಾ ಕೂತಿದ್ದೆ. ನಡುವೆ ಎದ್ರೆ ಎಳೆ ಸಿಕ್ಕಾಯ್ತವೆ ಅಂತ ಏಳ್ಲಿಲ್ಲ." ನನಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಅತ್ತೆ, "ಡಾಕ್ಟ್ರು ಏನಂದ್ರು?" ಎಂದರು.

"ಆಗಲ್ವಂತೆ," ಎಂದ ಮಾವ ಚಪ್ಪಲಿ ಕಳಚಿ ಒಳಗೆ ಬಂದು ಕೇಳಿದರು: "ಆ ಮಗ ಯಾರಂಗಿತ್ತಮ್ಮಿ?"

ಯಾವ ಮಗು ಎಂದು ಅತ್ತೆ ಕೇಳಲಿಲ್ಲ.

"ಈಗ ಕೇಳ್ತಿದ್ದೀರಾ? ಇಷ್ಟು ವರ್ಸಕ್ಕೆ?" ಎಂದು ಸಿಡುಕಿದರು. ಆಮೇಲೆ, "ಬೆರಳು ಉದ್ದುದ್ದ ಇದ್ವು. ನಿಮ್ಮವೇ," ಎಂದು ಅದುರುತ್ತಿದ್ದ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಿಡಲಿಲ್ಲ.