ನಮ್ಮ ಕ್ಲಬ್ಬು ತಂದ ಆಟಗಾರರು, ಎದುರುಮನೆಯವಳ ಭಾಗ್ಯ

ಆಟಗಾರರನ್ನ ತರೋ ವಿಷಯದಲ್ಲಿ ನಮ್ಮ ಜನ್ನಾಪುರದ ಫುಟ್‌ಬಾಲ್ ಕ್ಲಬ್ಬಿಗೆ ಯಾವ ವರ್ಷವೂ ಬುದ್ಧಿ ಬಂದಿದ್ದಿಲ್ಲ. ಪ್ರತಿ ಸೀಸನ್ನಿಗೂ ಯಾರನ್ನೋ ಹೊತ್ತು ತರ್ತಾರೆ, ಮುಂದಿನ ಸೀಸನ್ನಿನವರೆಗೆ ಬೀದಿಗೆಲ್ಲ ಮಾತಾಡೋಕೆ ಆಗುತ್ತೆ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಆಫ್‌ಸೈಡ್ ಅಂದ್ರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ಭದ್ರಾವತೀಲಿ ಕಾರ್ಖಾನೆ ಸೈರನ್ ಕೇಳ್ಕೊಂಡು ಸಂಸಾರ ಮಾಡಿದವಳಿಗೆ ಫುಟ್‌ಬಾಲ್ ಹೇಳಿಕೊಡಬೇಕಾ? ಷಿಫ್ಟು ಮುಗಿಸಿದ ಗಂಡಸರು ಮನೆಗೆ ಬರೋ ಬದಲು ಗ್ರೌಂಡಿಗೆ ಹೋಗ್ತಿದ್ದ ಊರು ಇದು.

ಒಂದು ಪದ್ಧತಿ ಹೇಳಿಬಿಡ್ತೀನಿ. ಹೊರಗಿನಿಂದ ತಂದ ಆಟಗಾರನನ್ನ ನಮ್ಮ ಕ್ಲಬ್ಬಿನವರು ಲಾಡ್ಜಿಗೆ ಹಾಕಲ್ಲ. ಬೀದೀಲಿ ಒಂದು ಮನೇಲಿ ಇರಿಸ್ತಾರೆ. ಊಟ, ತಿಂಡಿ, ಬಟ್ಟೆ ಒಗೆಯೋದು ಎಲ್ಲ ಆ ಮನೆಯವರದೇ. ಅದಕ್ಕೆ ಪ್ರತಿಯಾಗಿ ಮ್ಯಾಚಿನ ದಿನ ಆ ಮನೆಯಾಕೆಗೆ ಶಾಮಿಯಾನದ ಕೆಳಗೆ ಕುರ್ಚಿ, ಕೈಗೆ ಬಾದಾಮಿ ಹಾಲು. ಅವನು ಗೋಲು ಹೊಡೆದರೆ ಜನ ಬಂದು “ನಿಮ್ಮ ಹುಡುಗ ಚೆನ್ನಾಗಿ ಆಡಿದ ಬಿಡಿ” ಅಂತ ಅವಳಿಗೆ ಹೇಳ್ತಾರೆ, ಹೆತ್ತವಳಿಗಲ್ಲ. ಆ ಭಾಗ್ಯ ಯಾವಾಗಲೂ ನಮ್ಮ ಎದುರುಮನೆಯವಳಿಗೇ, ಯಾಕಂದ್ರೆ ಕ್ಲಬ್ಬಿನ ಸೆಕ್ರೆಟರಿ ಅವಳ ಗಂಡ. ಅವಳ ಕೈ ಅಡುಗೆ ಎಂಥದ್ದು ಅಂತ ಆ ಮನುಷ್ಯನಿಗೆ ಗೊತ್ತಿಲ್ದೆ ಇಲ್ಲ. ನಾನು ಕೋಳಿಸಾರು ಇಟ್ಟ ದಿನ ಅವನು ಗೇಟಿನ ಹತ್ತಿರ ನಿಂತು, ನೀರು ಹಾಕಿದ ಗಿಡಕ್ಕೇ ಮತ್ತೆ ನೀರು ಹಾಕ್ತಿರ್ತಾನೆ. ಆದ್ರೂ ಒಬ್ಬನನ್ನ ನನ್ನ ಹೊಸ್ತಿಲು ಹತ್ತಿಸಿದ್ದಾನಾ? ಹೊಟ್ಟೆ ಉರೀತಿತ್ತು, ಮುಚ್ಚಿಡೋದೇನು.

ವಿಡಿಯೋ ನೋಡಿ ತಂದವನು

ಆಯನೂರಲ್ಲಿ ಒಬ್ಬ ಬ್ರೋಕರ್ ಇದ್ದಾನೆ. ಹಗಲೆಲ್ಲ ಸೈಟು, ಹಳೇ ಟ್ರಾಕ್ಟರು, ಸಂಜೆ ಮೇಲೆ ಫುಟ್‌ಬಾಲ್ ಆಟಗಾರರು. ಅವನು ಸೆಕ್ರೆಟರಿ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ. ಒಂದರ ಹಿಂದೊಂದು ಗೋಲು, ಏನು ಚಂದ ಅಂತೀರಿ. ಸೆಕ್ರೆಟರಿ ಅದನ್ನ ಸೊಪ್ಪು ಮಾರೋಳಿಗೂ ನಿಲ್ಲಿಸಿ ತೋರಿಸಿದ. ಹುಡುಗ ಬಂದ. ಎದುರುಮನೆಯವಳು ಆರತಿ ಎತ್ತಿ ಒಳಗೆ ಕರ್ಕೊಂಡ್ಳು. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ರಾತ್ರಿ ಹಾಲು.

ಮೊದಲನೇ ಮ್ಯಾಚಲ್ಲಿ ಅವನನ್ನ ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ರು. ಬಾಲು ಕಾಲಿಗೆ ಬಂತು. ಪುಣ್ಯಾತ್ಮ ಬಗ್ಗಿ ಎರಡೂ ಕೈಯಲ್ಲಿ ಎತ್ತಿ ಎದೆಗವುಚಿಕೊಂಡ. ರೆಫ್ರಿ ಸೀಟಿ ಊದಿದ. ಮತ್ತೆ ಬಂತು, ಮತ್ತೆ ಎತ್ತಿಕೊಂಡ. ಸೆಕ್ರೆಟರಿ ಅಲ್ಲೇ ನಿಂತು ಬ್ರೋಕರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ. ಅವನು ತಣ್ಣಗೆ, ಎಲ್ಲಾ ಗೋಲಲ್ಲೂ ನಮ್ಮ ಹುಡುಗ ಇದ್ದಾನೆ ಸಾರ್, ಇನ್ನೊಂದು ಸಲ ಸರಿಯಾಗಿ ನೋಡಿ ಅಂದನಂತೆ. ನೋಡಿದ್ರು. ಇದ್ದ. ಅಷ್ಟೂ ಗೋಲು ಬಿಟ್ಟ ಗೋಲ್‌ಕೀಪರ್ ಇವನೇ.

ನಿನಗಾದ್ರೂ ಬಾಯಿರಲಿಲ್ವೇನೋ ಅಂದ್ರೆ, ಯಾರೂ ಕೇಳಲಿಲ್ಲ, ಮೊಟ್ಟೆ ಬೇರೆ ಕೊಡ್ತಿದ್ರು ಅಂದ. ಆ ಮೊಟ್ಟೆ ನೆನೆಸಿಕೊಂಡೇ ನನಗೆ ಒಂದು ವಾರ ಒಳ್ಳೆ ನಿದ್ದೆ ಬಂತು.

ಅದಲು ಬದಲು

ಮುಂದಿನ ಸೀಸನ್ನಿಗೆ ದೂರದವರ ಸಹವಾಸವೇ ಬೇಡ ಅಂತ ಶಿವಮೊಗ್ಗದ ಆಲ್ಕೊಳದ ಟೀಮಿನ ಜೊತೆ ಮಾತಾಡಿದ್ರು. ಗೋಲಿನ ಮುಂದೆ ನಿಂತು ತಡೆಯೋ ನಮ್ಮವನು ಅವರಿಗೆ, ಅವರವನು ನಮಗೆ. ಇಬ್ಬರೂ ಹತ್ತಾರು ವರ್ಷ ತಂತಮ್ಮ ಹಳೇ ಟೀಮಿನ ಅಂಗಿ ಹಾಕಿ ಸವೆಸಿದವರು. ಬಂದವನು ಎದುರುಮನೆಗೇ ಹೋದ ಅಂತ ಬೇರೆ ಹೇಳಬೇಕಾಗಿಲ್ಲ.

ಆ ಎರಡು ಟೀಮಿಗೇ ಮ್ಯಾಚ್ ಬಿತ್ತು. ಅರ್ಧ ಆಟ ಮುಗಿದು ಬ್ರೇಕ್ ಬಿಟ್ಟಾಗ, ಕಾಲಿಗೆ ರೂಢಿಯಾದ ದಾರಿ ನೋಡಿ, ಇವನು ನೆಟ್ಟಗೆ ಆಲ್ಕೊಳದವರ ಹತ್ತಿರ ಹೋಗಿ ಕೂತ. ನಮ್ಮವನು ನಮ್ಮ ಕಡೆ ಬಂದು ಕೂತ. ಬೆವರಲ್ಲಿ ಯಾರು ಯಾರ ಮುಖ ನೋಡ್ತಾರೆ? ಎರಡೂ ಕಡೆ ಟೀ ಕುಡಿದ್ರು, ಗುಟ್ಟಿನ ಪ್ಲಾನ್ ಎಲ್ಲ ಕೇಳಿಸ್ಕೊಂಡ್ರು. ಸೀಟಿ ಆದಮೇಲೆ ಎದ್ದು ಹೊಸ ಟೀಮಿನ ಜಾಗಕ್ಕೆ ಹೋಗಿ ನಿಂತ್ರು, ಕೇಳಿದ್ದನ್ನೆಲ್ಲ ಅಲ್ಲಿ ಊದಿದ್ರು.

ಆಮೇಲೆ ನೋಡಬೇಕಿತ್ತು ಆಟ. ಇವರು ಎಲ್ಲಿಗೆ ಒದೀತಾರೆ ಅಂತ ಅವರಿಗೆ ಗೊತ್ತು, ಅವರದು ಇವರಿಗೆ ಗೊತ್ತು. ಕೊನೆಗೆ ಒದೆಯೋದನ್ನೇ ಬಿಟ್ಟು ಎರಡೂ ಕಡೆಯವರು ಮುಖ ಮುಖ ನೋಡ್ಕೊಂಡು ನಿಂತ್ರು. ಬಾಲಿಗೆ ಆವತ್ತು ಸಿಕ್ಕಷ್ಟು ರೆಸ್ಟು ಯಾವತ್ತೂ ಸಿಕ್ಕಿಲ್ಲ.

ಲಾಟಲ್ಲಿ ಕೊಂಡ ಅಣ್ಣತಮ್ಮಂದಿರು

ಆಮೇಲೆ ಪ್ರೆಸಿಡೆಂಟು ಬದಲಾದ್ರು. ಹೊಸಬರದು ಅಡಿಕೆ ಮಂಡಿ. ಒಂದೊಂದೇ ಕಾಯಿ ಆರಿಸಿ ಕೊಳ್ಳೋದು ವ್ಯಾಪಾರವೇ ಅಲ್ಲ, ಕೊಂಡ್ರೆ ಪೂರ್ತಿ ಲಾಟು ಕೊಳ್ಳಬೇಕು ಅನ್ನೋದು ಅವರ ಮಾತು. ಒಂದೇ ಮನೆಯ ನಾಲ್ಕು ಜನ ಅಣ್ಣತಮ್ಮಂದಿರನ್ನ ಒಟ್ಟಿಗೆ ತಂದ್ರು. ನಾಲ್ಕು ಜನ ಅಂದಾಗ ಒಬ್ಬನಾದ್ರೂ ನನ್ನ ಪಾಲಿಗೆ ಬರ್ತಾನೆ ಅಂತ ನಾನು ಚಾಪೆ, ಜಮಖಾನ ಒಗೆದು ಒಣಗಿಸಿದ್ದೆ. ಎದುರುಮನೆಯವಳು ಬಾಗಿಲಲ್ಲೇ ನಿಂತು, ಒಡಹುಟ್ಟಿದವರನ್ನ ಬೇರೆ ಮಾಡಿದ ಪಾಪ ನಮಗ್ಯಾಕೆ ಅಂತ ನಾಲ್ಕೂ ಜನರನ್ನ ಒಳಗೆ ಸೇರಿಸ್ಕೊಂಡ್ಳು.

ಅವರನ್ನ ಬೇರೆ ಮಾಡೋಕೆ ನಾವು ಬೇಕಾಗಿರಲಿಲ್ಲ. ಎರಡನೆಯವನು ಗೋಲಿನ ಮುಂದೆ ಒಬ್ಬನೇ ನಿಂತು ಕೈ ಎತ್ತಿ ಕೂಗ್ತಾನೆ, ಮಿಕ್ಕ ಮೂವರು ಕೇಳಿಸದವರ ಹಾಗೆ ಬಾಲನ್ನ ಬೇರೆ ಕಡೆ ಒದೀತಾರೆ. ಇಡೀ ಆಟ ಹಿಂಗೇ. ಸೆಕ್ರೆಟರಿ ಗೆರೆ ದಾಟಿ ಹೋಗಿ ದೊಡ್ಡವನ ತೋಳು ಹಿಡಿದು ಕೇಳಿದ. ದೊಡ್ಡವನು ನಿಧಾನಕ್ಕೆ ಬೆವರು ಒರೆಸಿಕೊಂಡು ಹೇಳಿದ:

“ಕೆರೆ ಕೆಳಗಿನ ಗದ್ದೆಗೆ ಅವನು ಸೈನ್ ಹಾಕಲಿ ಸಾರ್, ಬಾಲು ಕೊಡ್ತೀವಿ.”

ನನ್ನ ಮನೆಗೂ ಒಬ್ಬ ಬಂದ

ನಾಲ್ಕು ಜನರಿಗೆ ರೊಟ್ಟಿ ತಟ್ಟಿ ಎದುರುಮನೆಯವಳ ಸೊಂಟ ಹಿಡೀತು. ಈ ಸಲ ನನ್ನಿಂದ ಆಗಲ್ಲ ಅಂದ್ಳು. ಸೆಕ್ರೆಟರಿ ತಲೆ ಕೆರ್ಕೊಂಡು ನನ್ನ ಬಾಗಿಲಿಗೆ ಬಂದ. ಹಿಂದೆ ಕೆಜಿಎಫ್ ಕಡೆಯ ಒಬ್ಬ ಹುಡುಗ, ಬಿದಿರಿನ ಹಾಗೆ ಉದ್ದಕ್ಕೆ.

ಬಂದ ದಿನವೇ ನನ್ನನ್ನ ಅಮ್ಮ ಅಂದ. ಹೆತ್ತ ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ಲಂತೆ. ಮುದ್ದೆ, ಕೋಳಿಸಾರು, ಅಕ್ಕಿರೊಟ್ಟಿ, ಏನು ಮಾಡಿದ್ರೂ ತಿಂದು, ಗ್ರೌಂಡಲ್ಲಿ ಹಸಿವಾಗುತ್ತೆ ಅಂತ ಡಬ್ಬಿಗೂ ಹಾಕಿಸ್ಕೊಂಡು ಹೋಗ್ತಿದ್ದ. ಪಾತ್ರೆ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮ ಕಡೆ ಹೆಂಗಸರು ನೋಡ್ಕೋತಾರಲ್ಲ, ಹಾಗೆ ಸಂಜೆ ಡಬ್ಬಿ ಬರೋವಾಗ ಬೆಳ್ಳಗೆ ತೊಳೆದಿರ್ತಿತ್ತು, ಒಳಗೆ ಒಂದು ದಿನ ಚಿಟಿಕೆ ಸಕ್ಕರೆ, ಒಂದು ದಿನ ಬಾಳೆಹಣ್ಣು, ಒಂದು ದಿನ ಮೊಳ ಮಲ್ಲಿಗೆ. ಎಂಥಾ ಸಂಸ್ಕಾರ ಮಾರಾಯ್ತಿ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಎದುರುಮನೆಯವಳಿಗೆ ಎರಡು ಸಲ ಹೇಳಿದೆ, ಬಸ್ಸಿಳಿದು ಬರ್ತಿದ್ದ ಅವಳ ಮಗಳಿಗೂ ಒಂದು ಸಲ.

ಫೈನಲ್ ಆಲ್ಕೊಳದವರ ಮೇಲೆ, ಶಿವಮೊಗ್ಗದಲ್ಲೇ. ನಾನು ರೇಷ್ಮೆ ಸೀರೆ ಉಟ್ಟು ಶಾಮಿಯಾನದ ಕೆಳಗೆ ಕೂತಿದ್ದೆ. ಎದುರುಮನೆಯವಳು ಹಿಂದೆ ಮೆಟ್ಟಿಲ ಮೇಲೆ, ಬಿಸಿಲಲ್ಲಿ. ಅವಳಿಗೆ ಕಾಣಲಿ ಅಂತ ಬಾದಾಮಿ ಹಾಲು ನಿಧಾನಕ್ಕೆ ಕುಡಿದೆ. ನನ್ನ ಹುಡುಗ ಎರಡು ಗೋಲು ಹೊಡೆದ, ಗೆದ್ವಿ. ಕಪ್ಪು ಹಿಡ್ಕೊಂಡು ನನ್ನ ಕಡೆಗೇ ಓಡಿ ಬಂದ. ನಾನು ಸೆರಗು ಸರಿ ಮಾಡ್ಕೊಂಡು ಎದ್ದು ಎರಡೂ ಕೈ ಚಾಚಿದೆ. ನನ್ನನ್ನ ದಾಟಿಕೊಂಡು ಹೋಗಿ, ಮೆಟ್ಟಿಲ ಮೇಲಿದ್ದ ಎದುರುಮನೆಯವಳ ಮಗಳ ಕೈಗೆ ಕೊಟ್ಟ. ಶಿವಮೊಗ್ಗದಲ್ಲಿ ನರ್ಸು ಅವಳು, ದಿನಾ ಜನ್ನಾಪುರದಿಂದ ಬಸ್ಸಲ್ಲಿ ಹೋಗಿ ಬರ್ತಾಳೆ, ಬಸ್ ಸ್ಟಾಪು ನಮ್ಮ ಗ್ರೌಂಡಿನ ಪಕ್ಕದಲ್ಲೇ. ಡಬ್ಬಿ ತೊಳೆದು ಮಲ್ಲಿಗೆ ಇಟ್ಟ ಕೈ ಯಾವುದು ಅಂತ ನನಗೆ ಆವಾಗ ಹೊಳೀತು. ಬೀದೀಲಿ ಯಾರ ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅನ್ನೋದು ಗೊತ್ತಿರೋ ನನಗೆ, ನನ್ನ ಮನೆ ಡಬ್ಬಿ ಎಲ್ಲಿಗೆ ಹೋಗ್ತಿತ್ತು ಅಂತ ಗೊತ್ತಿರಲಿಲ್ಲ.

ಎದುರುಮನೆಯವಳೂ ಕಂಗಾಲಾದಳು. ಆದ್ರೆ ಜಾಣೆ ಅವಳು. ಜನ ಸುತ್ತ ಸೇರೋ ಹೊತ್ತಿಗೆ “ನಮ್ಮ ಅಳಿಯ” ಅನ್ನೋಕೆ ಶುರು ಮಾಡಿದ್ಳು. ಬೇಯಿಸಿ ಹಾಕಿದ್ದು ನಾನು, ಅಳಿಯ ಅವಳಿಗೆ. ಬೀದಿ ಕಡೆ ಕಿಟಕಿ ಹಾಕ್ಕೊಂಡು ಎಷ್ಟೋ ದಿನ ಒಳಗೇ ಕೂತೆ.

ಒಂದು ಸಂಜೆ ಹುಡುಗ ಬಂದು ಪಕ್ಕದಲ್ಲಿ ಕೂತ್ಕೊಂಡ.

“ಅಮ್ಮ, ಗಂಡಿನ ಕಡೆ ತಾಯಿ ಅಂತ ನೀವೇ ನಿಲ್ಲಬೇಕು.”

ಮೊದಲು ಬೈಯೋಣ ಅಂತ ಬಾಯಿ ತೆಗೆದೆ. ಆಮೇಲೆ ಯೋಚನೆ ಮಾಡಿದೆ. ಗಂಡಿನ ತಾಯಿ ಅಂದ್ರೆ ಬೀಗಿತ್ತಿ. ಬೀಗಿತ್ತಿಗೆ ಹೆಣ್ಣಿನ ಕಡೆಯವರು ನಿಂತು ಉಪಚಾರ ಮಾಡಬೇಕು. ಎದ್ದು ಹೋಗಿ ಕಿಟಕಿ ತೆಗೆದೆ.

ಮದುವೆ ಊಟಕ್ಕೆ ಮೊದಲನೇ ಪಂಕ್ತೀಲಿ, ಮೊದಲನೇ ಎಲೆ ನಂದು. ಎದುರುಮನೆಯವಳು ನಗುನಗುತ್ತಾ ತುಪ್ಪದ ಗಿಂಡಿ ಹಿಡ್ಕೊಂಡು ಬಂದ್ಳು. ನಿಮಗ್ಯಾಕೆ ತೊಂದರೆ, ಸೊಂಟ ಬೇರೆ ನೋವು, ಯಜಮಾನರನ್ನ ಕಳಿಸಿ ಅಂದೆ. ಅಷ್ಟು ವರ್ಷ ನನ್ನ ಹೊಸ್ತಿಲಿಗೆ ಒಬ್ಬನನ್ನೂ ಕಳಿಸದ ಸೆಕ್ರೆಟರಿ ಪಂಚೆ ಎತ್ತಿಕಟ್ಟಿ ಬಂದು, ನನ್ನ ಎಲೆ ಮುಂದೆ ಬಗ್ಗಿ ತುಪ್ಪ ಬಡಿಸಿದ. ಸಾಕಾ ಬೀಗಿತ್ತಮ್ಮ ಅಂದ. ಇನ್ನೊಂದು ಚೂರು ಅಂದೆ. ಮತ್ತೆ ಬಗ್ಗಿದ. ಮತ್ತೆ ಇನ್ನೊಂದು ಚೂರು ಅಂದೆ.

ಪಕ್ಕದಲ್ಲಿದ್ದ ನನ್ನ ತಂಗಿ ಮೊಣಕೈಯಲ್ಲಿ ತಿವಿದು, ಅಕ್ಕ, ಡಾಕ್ಟರು ನಿನಗೆ ತುಪ್ಪ ಮುಟ್ಟಲೇಬೇಡ ಅಂದಿದ್ದಾರಲ್ಲೇ ಅಂದ್ಳು.

“ತಿನ್ನಬೇಡ ಅಂದಿದ್ದಾರೆ ಕಣೇ, ಬಡಿಸಿಕೋಬೇಡ ಅಂದಿಲ್ಲ.”